ಸೋರಿಯಾಸಿಸ್ ಜಾಸ್ತಿ ಆದಾಗ ಏನು ಮಾಡಬೇಕು? ಚಿಕಿತ್ಸೆಯ ದಾರಿಗಳು, ಎಚ್ಚರಿಕೆಗಳು



ಸಂಘದ ಸಭೆಯಲ್ಲಿ ಆರೋಗ್ಯದ ಮಾತು ಬಂದರೆ ಬಿ.ಪಿ., ಸಕ್ಕರೆ ಕಾಯಿಲೆ, ರಕ್ತ ಕಡಿಮೆ ಇರೋದು ಇವುಗಳ ಬಗ್ಗೆ ಎಲ್ಲರೂ ಬಾಯಿಬಿಟ್ಟು ಮಾತಾಡುತ್ತಾರೆ. ಚರ್ಮದ ಕಾಯಿಲೆ ಮಾತ್ರ ಸೆರಗಿನ ಒಳಗೇ ಉಳಿಯುತ್ತದೆ. ಕನಮಡಿ, ತಿಕೋಟಾ, ಬಬಲೇಶ್ವರ ಕಡೆಯ ಊರುಗಳಲ್ಲಿ ಮೊಣಕೈ, ಮೊಣಕಾಲು, ತಲೆಯಲ್ಲಿ ಬಿಳಿ ಹೊಟ್ಟು ಉದುರುವ ಕೆಂಪು ಗಾಯ ಇಟ್ಟುಕೊಂಡು ವರ್ಷಗಟ್ಟಲೆ ಸುಮ್ಮನಿರುವ ಹೆಣ್ಣುಮಕ್ಕಳಿದ್ದಾರೆ. "ಇದು ಹತ್ತೋ ರೋಗ ಐತೇನ್ರಿ?", "ಮಗಳ ಲಗ್ನಕ್ಕ ಅಡ್ಡಿ ಬರ್ತೈತೇನ್ರಿ?", "ಯಾರರ ನೋಡಿದ್ರ ಕುಷ್ಠ ಅಂತಾರ" ಇವೇ ಅವರ ಭಯ. ಈ ಭಯದ ಜೊತೆಗೆ "ಗ್ಯಾರಂಟಿ ಗುಣ" ಅಂತ ಹೇಳಿ ಹಣ ಕೀಳುವವರೂ ಇದ್ದಾರೆ. ಹೀಗಾಗಿ ಸೋರಿಯಾಸಿಸ್ ಅಂದರೆ ಏನು, ಅದು ಜಾಸ್ತಿಯಾದಾಗ ಯಾವ ಯಾವ ಚಿಕಿತ್ಸೆ ಇವೆ, ಯಾವುದರಲ್ಲಿ ಏನು ಎಚ್ಚರಿಕೆ ಬೇಕು ಎಂದು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಸೋರಿಯಾಸಿಸ್ ಅಂದರೆ ಏನು?

ನಮ್ಮ ಚರ್ಮದ ಒಳಪದರದಲ್ಲಿ ಹೊಸ ಜೀವಕೋಶ ಹುಟ್ಟಿ, ನಿಧಾನವಾಗಿ ಮೇಲೆ ಬಂದು, ಕಣ್ಣಿಗೆ ಕಾಣದಂತೆ ಉದುರಿ ಹೋಗಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಇದೇ ಕೆಲಸ ಒಂದು ವಾರದೊಳಗೇ ಆಗಿಬಿಡುತ್ತದೆ. ಹಂಚಿನ ಮೇಲಿನ ರೊಟ್ಟಿ ಬೇಯುವ ಮುಂಚೆಯೇ ಅದರ ಮೇಲೆ ಇನ್ನೊಂದು, ಮತ್ತೊಂದು ರೊಟ್ಟಿ ಹಾಕುತ್ತಾ ಹೋದರೆ ಹೇಗೆ ಅರೆಬೆಂದವು ಒಂದರ ಮೇಲೊಂದು ಪೇರಿಕೊಳ್ಳುತ್ತವೆಯೋ ಹಾಗೆ, ಬಲಿಯದ ಚರ್ಮ ದಪ್ಪಗೆ ಕೂತು ಬೆಳ್ಳಗೆ ಹೊಟ್ಟಿನಂತೆ ಉದುರುತ್ತದೆ. ಕೆಳಗಿನ ಚರ್ಮ ಕೆಂಪಾಗಿ ಉರಿಯುತ್ತದೆ, ತುರಿಸುತ್ತದೆ, ಕೆಲವೊಮ್ಮೆ ಸೀಳಿ ರಕ್ತ ಬರುತ್ತದೆ.

ಇದಕ್ಕೆ ಕಾರಣ ನಮ್ಮ ದೇಹದ ರೋಗನಿರೋಧಕ ಶಕ್ತಿ ದಾರಿ ತಪ್ಪುವುದು. ಹೊರಗಿನ ರೋಗಾಣುಗಳ ಮೇಲೆ ಹೋರಾಡಬೇಕಾದ ಶಕ್ತಿ ನಮ್ಮ ಚರ್ಮದ ಮೇಲೇ ತಿರುಗಿ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕೆಲವು ಮನೆತನಗಳಲ್ಲಿ ಇದು ರಕ್ತಸಂಬಂಧದಲ್ಲಿ ಬರುತ್ತದೆ. ಆದರೆ ತಾಯಿಗೆ ಇದೆ ಅಂದ ಮಾತ್ರಕ್ಕೆ ಮಕ್ಕಳಿಗೆ ಬಂದೇ ಬರುತ್ತದೆ ಎಂದಲ್ಲ. ಬಹಳಷ್ಟು ಮಕ್ಕಳಿಗೆ ಬರುವುದೇ ಇಲ್ಲ.

ಮುಖ್ಯವಾದ ಮಾತು: ಸೋರಿಯಾಸಿಸ್ ಅಂಟುರೋಗ ಅಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ಅವರು ಬಡಿದ ರೊಟ್ಟಿ ತಿಂದರೆ ಬರುವುದಿಲ್ಲ. ತಾಯಿ ಮಗುವನ್ನು ಎತ್ತಿಕೊಂಡರೆ ಬರುವುದಿಲ್ಲ. ಸ್ನಾನ ಮಾಡದೆ ಹೊಲಸಾಗಿದ್ದಕ್ಕೆ ಬಂದದ್ದೂ ಅಲ್ಲ, ಯಾರದೋ ಪಾಪಕ್ಕೆ ಬಂದದ್ದೂ ಅಲ್ಲ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಭಾರತದಲ್ಲಿ ನಡೆದ ಬೇರೆ ಬೇರೆ ಅಧ್ಯಯನಗಳ ಪ್ರಕಾರ ನೂರಕ್ಕೆ 0.44ರಿಂದ 2.8 ಜನರಿಗೆ ಸೋರಿಯಾಸಿಸ್ ಇದೆ. ಪ್ರಪಂಚದಲ್ಲಿ ಕನಿಷ್ಠ 10 ಕೋಟಿ ಜನರಿಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರ ವರದಿಯಲ್ಲಿ ಹೇಳಿದೆ. ಸೋರಿಯಾಸಿಸ್ ಇರುವವರನ್ನು ದೂರ ಇಡಬಾರದು, ಅವರಿಗೆ ಸರಿಯಾದ ಚಿಕಿತ್ಸೆ ಸಿಗಬೇಕು ಎಂದು 2014ರ ಮೇ ತಿಂಗಳಲ್ಲಿ ಅದೇ ಸಂಸ್ಥೆಯ ಮಹಾಸಭೆಯಲ್ಲಿ ಎಲ್ಲ ದೇಶಗಳೂ ಸೇರಿ ಠರಾವು ಮಾಡಿದವು. ಪ್ರತಿ ವರ್ಷ ಅಕ್ಟೋಬರ್ 29 ವಿಶ್ವ ಸೋರಿಯಾಸಿಸ್ ದಿನ.

ಕುಷ್ಠವೋ, ಗಜಕರ್ಣವೋ, ಸೋರಿಯಾಸಿಸ್ಸೋ?

ಹಿಂದೆ ನೂರಾರು ವರ್ಷ ಡಾಕ್ಟರುಗಳೇ ಸೋರಿಯಾಸಿಸ್ ಅನ್ನು ಕುಷ್ಠ ಎಂದು ತಪ್ಪು ತಿಳಿದಿದ್ದರು. 1841ರಲ್ಲಿ ವಿಯೆನ್ನಾದ ಹೆಬ್ರಾ ಎಂಬ ವೈದ್ಯ ಇವೆರಡೂ ಬೇರೆ ಬೇರೆ ಎಂದು ಸ್ಪಷ್ಟವಾಗಿ ತೋರಿಸಿದರು. ನಮ್ಮ ಹಳ್ಳಿಗಳಲ್ಲಿ ಆ ತಪ್ಪು ಕಲ್ಪನೆ ಇನ್ನೂ ಹೋಗಿಲ್ಲ.

• ಕುಷ್ಠದ ಮಚ್ಚೆಗೆ ಸಾಮಾನ್ಯವಾಗಿ ಸ್ಪರ್ಶಜ್ಞಾನ ಇರುವುದಿಲ್ಲ. ಸೂಜಿ ತಾಗಿದರೂ, ಬಿಸಿ ತಾಗಿದರೂ ಗೊತ್ತಾಗುವುದಿಲ್ಲ. ಕುಷ್ಠಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಗುಳಿಗೆ ಇದೆ, ಪೂರ್ತಿ ಗುಣವಾಗುತ್ತದೆ. ಹೀಗಾಗಿ ಅದಕ್ಕೂ ಹೆದರಬೇಕಾಗಿಲ್ಲ.
• ಗಜಕರ್ಣ (ಹುಳುಕಡ್ಡಿ) ಅಂಚಿನಲ್ಲಿ ಉಂಗುರದಂತೆ ಹರಡುತ್ತದೆ, ವಿಪರೀತ ತುರಿಕೆ. ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ.
• ಸೋರಿಯಾಸಿಸ್‌ನಲ್ಲಿ ಸ್ಪರ್ಶಜ್ಞಾನ ಇರುತ್ತದೆ. ಕೆಂಪು, ದಪ್ಪ ಚರ್ಮದ ಮೇಲೆ ಬೆಳ್ಳಿಯಂತಹ ಹೊಟ್ಟು. ಉಗುರಿನ ಮೇಲೆ ಸೂಜಿ ಚುಚ್ಚಿದಂತೆ ಸಣ್ಣ ಗುಳಿಗಳು ಇರಬಹುದು. ಕೆಲವರಿಗೆ ಕೈಕಾಲು ಬೆರಳಿನ ಕೀಲು ಬಾತು ನೋಯುತ್ತವೆ.

ಇದು ತಿಳಿವಳಿಕೆಗಾಗಿ ಮಾತ್ರ. ನಿರ್ಧಾರ ಮಾಡಬೇಕಾದವರು ಚರ್ಮರೋಗ ತಜ್ಞರು. ಅನುಮಾನ ಇದ್ದರೆ ಅವರು ಚರ್ಮದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

"ಜಾಸ್ತಿ ಆಗಿದೆ" ಅಂತ ಯಾವಾಗ ತಿಳಿಯಬೇಕು?

ನಿಮ್ಮ ಅಂಗೈಯನ್ನೇ ಅಳತೆಗೋಲು ಮಾಡಿಕೊಳ್ಳಿ. ಬೆರಳು ಸೇರಿಸಿ ನಿಮ್ಮ ಒಂದು ಅಂಗೈ ಅಂದರೆ ನಿಮ್ಮ ಮೈಯ ಚರ್ಮದಲ್ಲಿ ನೂರಕ್ಕೆ ಸುಮಾರು ಒಂದು ಭಾಗ. ಗಾಯಗಳನ್ನೆಲ್ಲ ಕೂಡಿಸಿದರೆ 10 ಅಂಗೈಗಿಂತ ಹೆಚ್ಚು ಜಾಗ ಆದರೆ ಅದು ತೀವ್ರ ಸೋರಿಯಾಸಿಸ್. ಜಾಗ ಕಡಿಮೆ ಇದ್ದರೂ ಮುಖ, ತಲೆ, ಅಂಗೈ, ಅಂಗಾಲು, ಉಗುರು, ಗುಪ್ತಾಂಗಗಳಲ್ಲಿ ಇದ್ದು ಕೆಲಸ, ನಿದ್ದೆ, ಸಂಸಾರಕ್ಕೆ ತೊಂದರೆ ಆಗುತ್ತಿದ್ದರೆ, ಅಥವಾ ಮುಲಾಮಿಗೆ ಬಗ್ಗದಿದ್ದರೆ, ಅದನ್ನೂ ತೀವ್ರ ಎಂದೇ ಪರಿಗಣಿಸಿ ಚಿಕಿತ್ಸೆ ಮಾಡಬೇಕು. ಎರಡೂ ಅಂಗೈ ಸೀಳಿದ ಹೆಣ್ಣುಮಗಳು ರೊಟ್ಟಿ ಬಡಿಯಲಾರಳು, ಕಳೆ ತೆಗೆಯಲಾರಳು. ಎರಡೇ ಅಂಗೈ ಜಾಗ ಆದರೂ ಅವಳ ಪಾಲಿಗೆ ಅದು ದಿನದ ಪಗಾರದ ಪ್ರಶ್ನೆ.

ಈ ಕೆಳಗಿನವು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು:

• ಮೈಯೆಲ್ಲಾ ಕೆಂಪಾಗಿ ಸುಲಿಯುವುದು, ಚಳಿ ನಡುಕ, ಜ್ವರ, ಕಾಲು ಬಾವು
• ಮೈತುಂಬ ಸಣ್ಣ ಸಣ್ಣ ಕೀವಿನ ಗುಳ್ಳೆ ಏಳುವುದು
• ಗರ್ಭಿಣಿಗೆ ಹೀಗೆ ಆದರೆ ಇನ್ನೂ ತುರ್ತು

ಇವು ಜೀವಕ್ಕೆ ಅಪಾಯ ತರುವ ಸ್ಥಿತಿಗಳು. ಮನೆಮದ್ದು ಮಾಡುತ್ತಾ ಕೂಡುವ ಹೊತ್ತಲ್ಲ. 108ಕ್ಕೆ ಫೋನ್ ಮಾಡಿ.

ಮೊದಲು: ಏನು ಮಾಡಬಾರದು

ನಮ್ಮ ಸಂಪರ್ಕಕ್ಕೆ ಬಂದ ಒಬ್ಬ ಸದಸ್ಯೆಯ ವಿಷಯ ಹೇಳುತ್ತೇನೆ. ಊರ ಹೆಸರು ಬೇಡ. ಸಂತೆಯಲ್ಲಿ ಕೂಡುವ ಒಬ್ಬರು "ಮೂರು ತಿಂಗಳ ಕೋರ್ಸು, ಗ್ಯಾರಂಟಿ" ಎಂದು ಹೇಳಿದ್ದನ್ನು ನಂಬಿ ಈಕೆ ಸಂಘದಿಂದ ಸಾಲ ಪಡೆದು ಹೆಸರಿಲ್ಲದ ಪುಡಿ ಮತ್ತು ಗುಳಿಗೆ ತಂದರು. ಹದಿನೈದು ದಿನದಲ್ಲಿ ಮೈ ಕನ್ನಡಿಯಂತೆ ಸ್ವಚ್ಛ ಆಯಿತು. ಊರಿನವರೆಲ್ಲಾ ವಿಳಾಸ ಕೇಳಿದರು. ಎರಡು ತಿಂಗಳಿಗೆ ಮುಖ ಬಾತಿತು, ಸಕ್ಕರೆ ಏರಿತು. ಹಣ ಮುಗಿದು ಔಷಧ ಒಮ್ಮೆಲೇ ನಿಂತಾಗ ಹತ್ತೇ ದಿನದಲ್ಲಿ ಅಡಿಯಿಂದ ಮುಡಿಯವರೆಗೆ ಮೈ ಕೆಂಪಾಗಿ ಸುಲಿದು ಆಸ್ಪತ್ರೆಗೆ ಸೇರಿಸಬೇಕಾಯಿತು. ಸಾಲ ಮಾತ್ರ ಹಾಗೇ ಉಳಿಯಿತು.

ಇದು ಯಾಕೆ ಆಯಿತು? ಇಷ್ಟು ಬೇಗ ಮೈ ತಿಳಿಯಾಗಿಸುವ ಹೆಸರಿಲ್ಲದ ಔಷಧಗಳಲ್ಲಿ ಬಹಳ ಸಲ ಸ್ಟೀರಾಯ್ಡ್ ಇರುತ್ತದೆ. ಸ್ಟೀರಾಯ್ಡ್ ಕೆಟ್ಟ ಔಷಧ ಅಲ್ಲ. ಬೇರೆ ಎಷ್ಟೋ ಕಾಯಿಲೆಗಳಲ್ಲಿ ಅದು ಜೀವ ಉಳಿಸುತ್ತದೆ. ಆದರೆ ಸೋರಿಯಾಸಿಸ್‌ಗೆ ಸ್ಟೀರಾಯ್ಡ್ ಗುಳಿಗೆ ಅಥವಾ ಇಂಜೆಕ್ಷನ್ ಕೊಟ್ಟು ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮೊದಲಿಗಿಂತ ಭೀಕರವಾಗಿ ಮರಳುತ್ತದೆ. ಈಗಾಗಲೇ ಇಂಥದ್ದು ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಪುಡಿ, ಗುಳಿಗೆ, ಖಾಲಿ ಪೊಟ್ಟಣ ಏನಿದೆಯೋ ಅದನ್ನೆಲ್ಲಾ ತೆಗೆದುಕೊಂಡು ಡಾಕ್ಟರ ಬಳಿ ಹೋಗಿ. ಅವರು ನೋಡಿ ಹಂತಹಂತವಾಗಿ ಇಳಿಸುತ್ತಾರೆ.

ಮುಲಾಮಿನ ಟ್ಯೂಬುಗಳಲ್ಲೂ ಇದೇ ಎಚ್ಚರಿಕೆ. ಅಂಗಡಿಯಲ್ಲಿ ಕೇಳಿ ತಂದು ಹಚ್ಚುವ ಎಷ್ಟೋ ಟ್ಯೂಬುಗಳಲ್ಲಿ ಜೋರಿನ ಸ್ಟೀರಾಯ್ಡ್ ಇರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಗಜಕರ್ಣಕ್ಕೆ ಇದನ್ನು ಹಚ್ಚಿದರೆ ಅದು ಇನ್ನಷ್ಟು ಹರಡುತ್ತದೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ.

ಚಿಕಿತ್ಸೆಯ ನಾಲ್ಕು ದಾರಿಗಳು

ಒಂದು ಮಾತು ಸ್ಪಷ್ಟ ಇರಲಿ. ಸೋರಿಯಾಸಿಸ್ ಅನ್ನು ಬುಡಸಮೇತ ಕಿತ್ತುಹಾಕುವ ಔಷಧ ಇವತ್ತಿನವರೆಗೆ ಇಲ್ಲ. ಬಿ.ಪಿ., ಸಕ್ಕರೆ ಕಾಯಿಲೆಯ ಹಾಗೆ ಇದನ್ನು ಹತೋಟಿಯಲ್ಲಿ ಇಡಬೇಕು. ಒಳ್ಳೆ ಚಿಕಿತ್ಸೆ ಸಿಕ್ಕರೆ ಬಹಳ ಜನರಿಗೆ ಮೈ ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ತಿಳಿಯಾಗಿ ತಿಂಗಳು, ವರ್ಷಗಟ್ಟಲೆ ಹಾಗೇ ಇರುತ್ತದೆ. "ಬೇರುಸಹಿತ ಗುಣ" ಅನ್ನುವವರನ್ನು ನಂಬಬೇಡಿ. "ಏನೂ ಆಗೋದಿಲ್ಲ ಬಿಡು" ಅನ್ನುವವರನ್ನೂ ನಂಬಬೇಡಿ.

1. ಹಚ್ಚುವ ಔಷಧ

ಕಾಯಿಲೆ ಕಡಿಮೆ ಇದ್ದವರಿಗೆ ಇದೇ ಸಾಕು. ಜಾಸ್ತಿ ಇದ್ದವರಿಗೆ ಬೇರೆ ಚಿಕಿತ್ಸೆಯ ಜೊತೆಗೆ ಇದೂ ಬೇಕು. ಸ್ನಾನವಾದ ಕೂಡಲೇ, ಮೈ ಸ್ವಲ್ಪ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚುವುದು ಎಲ್ಲಕ್ಕಿಂತ ಅಗ್ಗದ, ಎಲ್ಲರಿಗೂ ಬೇಕಾದ ಆರೈಕೆ. ನಮ್ಮ ಕಡೆಯ ಚಳಿಗಾಲದ ಒಣಹವೆಯಲ್ಲಿ ದಿನಕ್ಕೆ ಎರಡು ಮೂರು ಸಲ ಹಚ್ಚಿ. ಡಾಕ್ಟರು ಬರೆದುಕೊಡುವವು: ಸ್ಟೀರಾಯ್ಡ್ ಮುಲಾಮು (ಹೇಳಿದಷ್ಟೇ ದಿನ, ಹೇಳಿದ ಜಾಗಕ್ಕೆ ಮಾತ್ರ), ವಿಟಮಿನ್ ಡಿ ಜಾತಿಯ ಕ್ಯಾಲ್ಸಿಪೊಟ್ರಿಯಾಲ್, ಕಲ್ಲಿದ್ದಲಿನ ಟಾರ್, ದಪ್ಪ ಹೊಟ್ಟು ಬಿಡಿಸಲು ಸ್ಯಾಲಿಸಿಲಿಕ್ ಆಸಿಡ್. ಹೊಟ್ಟನ್ನು ಉಗುರಿನಿಂದ ಕಿತ್ತು ತೆಗೆಯಬೇಡಿ, ಕಲ್ಲಿನಿಂದ ತಿಕ್ಕಬೇಡಿ. ಗಾಯವಾದ ಜಾಗದಲ್ಲೇ ಹೊಸ ಸೋರಿಯಾಸಿಸ್ ಏಳುತ್ತದೆ.

2. ಬೆಳಕಿನ ಚಿಕಿತ್ಸೆ

ಬಿಸಿಲಿಗೆ ಸೋರಿಯಾಸಿಸ್ ಕಡಿಮೆಯಾಗುತ್ತದೆ ಎಂದು ನೀವೇ ಗಮನಿಸಿರಬಹುದು. ಬೆಳಕಿನಲ್ಲಿರುವ ನೇರಳಾತೀತ ಕಿರಣಗಳು ಚರ್ಮದೊಳಗಿನ ಉರಿಯೂತ ತಗ್ಗಿಸುತ್ತವೆ. ಇದನ್ನೇ ಅಳತೆಮಾಡಿ ಕೊಡುವುದು ಬೆಳಕಿನ ಚಿಕಿತ್ಸೆ. ಟ್ಯೂಬ್‌ಲೈಟುಗಳಿರುವ ಕಪಾಟಿನಂಥ ಯಂತ್ರದಲ್ಲಿ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ನಿಲ್ಲಬೇಕು. ಮೊದಲು ಬಹಳ ಸ್ವಲ್ಪ ಹೊತ್ತು ಕೊಟ್ಟು, ಮುಂದೆ ಸ್ವಲ್ಪಸ್ವಲ್ಪ ಹೆಚ್ಚಿಸುತ್ತಾರೆ. ಈಗ ಹೆಚ್ಚು ಬಳಸುವುದು ನ್ಯಾರೋಬ್ಯಾಂಡ್ ಯು.ವಿ.ಬಿ. ವಾರಕ್ಕೆ ಎರಡು ಮೂರು ಸಲ, ಒಟ್ಟು ಸುಮಾರು 20ರಿಂದ 30 ಸಲ ಹೋಗಬೇಕಾಗುತ್ತದೆ. ರಕ್ತ ಪರೀಕ್ಷೆ ಬೇಕಿಲ್ಲ, ಹೊಟ್ಟೆಗೆ ಔಷಧ ಇಲ್ಲ. ಗರ್ಭಿಣಿಯರಿಗೂ ಡಾಕ್ಟರ ನಿಗಾದಲ್ಲಿ ಕೊಡಬಹುದಾದ ಚಿಕಿತ್ಸೆ ಇದು. ಕಷ್ಟ ಇರೋದು ಓಡಾಟದ್ದು, ಕೂಲಿ ತಪ್ಪುವುದು.

ಇನ್ನೊಂದು ವಿಧಾನ ಪ್ಯುವಾ. ಸೊರಾಲೆನ್ ಎಂಬ ಗುಳಿಗೆ ತಗೊಂಡು ಸುಮಾರು ಎರಡು ಗಂಟೆಯ ನಂತರ ಯಂತ್ರದ ಬೆಳಕಿಗೆ, ಅಥವಾ ಡಾಕ್ಟರು ಹೇಳಿದಷ್ಟೇ ನಿಮಿಷ ಬಿಸಿಲಿಗೆ ಮೈ ಒಡ್ಡುವುದು. ಆ ದಿನ ಪೂರ್ತಿ ಕಪ್ಪು ಕನ್ನಡಕ ಬೇಕು. ಗರ್ಭಿಣಿಯರಿಗೆ ಕೊಡುವುದಿಲ್ಲ. ಸೊರಾಲೆನ್ ನಮ್ಮ ಬಾವಂಚಿ ಬೀಜದಲ್ಲೂ ಇದೆ. ಆದರೆ ಯಾರೋ ಹೇಳಿದರು ಅಂತ ಬಾವಂಚಿ ಎಣ್ಣೆ ಹಚ್ಚಿಕೊಂಡು ವಿಜಯಪುರದ ಬಿಸಿಲಿನಲ್ಲಿ ಹೊಲಕ್ಕೆ ಹೋದರೆ ಮೈ ಸುಟ್ಟು ಬೊಕ್ಕೆ ಏಳುತ್ತವೆ.

3. ಹೊಟ್ಟೆಗೆ ತೆಗೆದುಕೊಳ್ಳುವ ಗುಳಿಗೆ

ಮೆಥೊಟ್ರೆಕ್ಸೇಟ್: ತೀವ್ರ ಸೋರಿಯಾಸಿಸ್‌ಗೆ ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಸುವ, ಬಡವರ ಕೈಗೆಟಕುವ ಔಷಧ ಇದು. ಕೇಂದ್ರ ಸರ್ಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಇದರ ಹಿಂದೆ ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ವಿಜ್ಞಾನಿ ಯೆಲ್ಲಾಪ್ರಗಡ ಸುಬ್ಬರಾವ್ ಅವರ ಕೆಲಸ ಇದೆ. ಅಮೆರಿಕದಲ್ಲಿ ಅವರ ತಂಡ ತಯಾರಿಸಿದ ಅಮಿನೊಪ್ಟೆರಿನ್ ಎಂಬ ಔಷಧ ಸೋರಿಯಾಸಿಸ್ ಅನ್ನು ಕಡಿಮೆ ಮಾಡುತ್ತದೆ ಎಂದು 1951ರಲ್ಲಿ ಕಂಡುಬಂತು. ಮೆಥೊಟ್ರೆಕ್ಸೇಟ್ ಅದೇ ಜಾತಿಯದು, ಅದಕ್ಕಿಂತ ಸುರಕ್ಷಿತ.

ಈ ಗುಳಿಗೆಯ ಬಗ್ಗೆ ಒಂದು ವಿಷಯ ಎಲ್ಲರೂ ಬಾಯಿಪಾಠ ಮಾಡಬೇಕು. ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧ. ಬಿ.ಪಿ. ಗುಳಿಗೆಯಂತೆ ದಿನಾ ನುಂಗಿದರೆ ಬಾಯಿ ತುಂಬ ಹುಣ್ಣಾಗಿ, ರಕ್ತದ ಕಣ ಕುಸಿದು ಜೀವಕ್ಕೇ ಕುತ್ತು ಬರುತ್ತದೆ. ಅನೇಕ ದೇಶಗಳಲ್ಲಿ ಹೀಗೆ ತಪ್ಪಾಗಿ ನುಂಗಿ ಜನ ಸತ್ತಿದ್ದಾರೆ. ಓದಲು ಬಾರದ ಸದಸ್ಯೆಗೆ ಸಂಘ ಇಲ್ಲಿ ನಿಜವಾದ ಸಹಾಯ ಮಾಡಬಹುದು. ನಿಮ್ಮ ಊರಿನ ಸಂತೆಯ ದಿನವನ್ನೋ, ಸಂಘದ ಸಭೆಯ ದಿನವನ್ನೋ ಗುಳಿಗೆಯ ದಿನ ಎಂದು ಗೊತ್ತು ಮಾಡಿ. ಗುಳಿಗೆ ಹಾಳೆಯ ಮೇಲೆ ಆ ವಾರದ ಹೆಸರು ಬರೆಯಿರಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸಂತೆ ವಾರಕ್ಕೊಮ್ಮೆ, ಗುಳಿಗೆಯೂ ವಾರಕ್ಕೊಮ್ಮೆ. ಮನೆಯಲ್ಲಿ ಸೊಸೆಗೂ ಮಗನಿಗೂ ಇದನ್ನು ಹೇಳಿಡಿ. ಜೊತೆಗೆ ಕೊಡುವ ಫಾಲಿಕ್ ಆಸಿಡ್ ಗುಳಿಗೆ ಬೇರೆ, ಅದನ್ನು ಡಾಕ್ಟರು ಹೇಳಿದ ದಿನ ತೆಗೆದುಕೊಳ್ಳಬೇಕು. ಎರಡನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಿಡಬೇಡಿ.

ಇನ್ನಷ್ಟು ಎಚ್ಚರಿಕೆ:
• ಶುರು ಮಾಡುವ ಮುಂಚೆ ಮತ್ತು ಆಮೇಲೆ ಡಾಕ್ಟರು ಹೇಳಿದಾಗಲೆಲ್ಲಾ ರಕ್ತ, ಲಿವರ್, ಕಿಡ್ನಿ ಪರೀಕ್ಷೆ ತಪ್ಪಿಸಬಾರದು.
• ಪರಿಣಾಮ ಕಾಣಲು 4ರಿಂದ 8 ವಾರ ಬೇಕು, ಪೂರ್ತಿ ಕಾಣಲು ಮೂರು ನಾಲ್ಕು ತಿಂಗಳು. "ಎರಡು ವಾರ ತಗೊಂಡೆ, ಕಡಿಮಿ ಆಗ್ಲಿಲ್ಲ" ಅಂತ ಬಿಡಬೇಡಿ.
• ಮದ್ಯ ಪೂರ್ತಿ ಬಂದ್. ಗಂಡಸರಿಗೆ ಈ ಮಾತು ಒತ್ತಿ ಹೇಳಿ.
• ಬಾಯಿಹುಣ್ಣು, ಜ್ವರ, ಒಣಕೆಮ್ಮು, ಉಸಿರುಗಟ್ಟುವಿಕೆ, ಕಣ್ಣು ಹಳದಿ, ಎಲ್ಲಿಂದಾದರೂ ರಕ್ತ ಬರುವುದು ಇವು ಕಂಡರೆ ಗುಳಿಗೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.
• ಬೇರೆ ಕಾಯಿಲೆಗೆ ನೋವಿನ ಗುಳಿಗೆ, ಆಂಟಿಬಯಾಟಿಕ್ ಬರೆಸುವಾಗ "ನಾನು ಮೆಥೊಟ್ರೆಕ್ಸೇಟ್ ತಗೋತೀನಿ" ಎಂದು ಹೇಳಲೇಬೇಕು. ಕೆಲವು ಔಷಧ ಇದರ ಜೊತೆ ಸೇರಿದರೆ ವಿಷವಾಗುತ್ತದೆ.

ಸೈಕ್ಲೊಸ್ಪೊರಿನ್: ಬೇಗ ಕೆಲಸ ಮಾಡುತ್ತದೆ, ಕೆಲವೇ ವಾರದಲ್ಲಿ ಆರಾಮ. ಆದರೆ ಬಿ.ಪಿ. ಏರಿಸುತ್ತದೆ, ಕಿಡ್ನಿಗೆ ಪೆಟ್ಟು ಕೊಡಬಹುದು. ಅದಕ್ಕೇ ಕಾಯಿಲೆ ಕೆರಳಿದಾಗ ಕೆಲವು ತಿಂಗಳಷ್ಟೇ ಕೊಟ್ಟು, ಬಿ.ಪಿ. ಮತ್ತು ಕಿಡ್ನಿ ಪರೀಕ್ಷೆ ಮಾಡುತ್ತಿರುತ್ತಾರೆ.

ಅಸಿಟ್ರೆಟಿನ್: ವಿಟಮಿನ್ ಎ ಜಾತಿಯದು. ಕೀವಿನ ಗುಳ್ಳೆಯ ಸೋರಿಯಾಸಿಸ್‌ಗೆ, ದಪ್ಪಗಾದ ಅಂಗೈ ಅಂಗಾಲಿಗೆ ಉಪಯೋಗ. ತುಟಿ, ಬಾಯಿ ಒಣಗುತ್ತವೆ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ನಿಲ್ಲಿಸಿದ ಮೇಲೂ ಮೂರು ವರ್ಷ ಬಸಿರು ಆಗಬಾರದು.

ಅಪ್ರೆಮಿಲಾಸ್ಟ್: ಹೊಸ ಗುಳಿಗೆ. ಸಾಮಾನ್ಯವಾಗಿ ಪದೇ ಪದೇ ರಕ್ತ ಪರೀಕ್ಷೆ ಬೇಕಾಗುವುದಿಲ್ಲ. ಶುರುವಿನಲ್ಲಿ ಭೇದಿ, ವಾಕರಿಕೆ ಆಗಬಹುದು, ತೂಕ ಇಳಿಯಬಹುದು, ಕೆಲವರಿಗೆ ಮನಸ್ಸು ಕುಗ್ಗಬಹುದು. ಇದರಲ್ಲೂ ಬಸಿರು ತಪ್ಪಿಸಬೇಕು.

4. ಬಯಾಲಜಿಕ್ ಇಂಜೆಕ್ಷನ್

ಮೊದಲಿನ ಗುಳಿಗೆಗಳು ರೋಗನಿರೋಧಕ ಶಕ್ತಿಯನ್ನು ಒಟ್ಟಾರೆ ತಗ್ಗಿಸಿದರೆ, ಬಯಾಲಜಿಕ್ ಔಷಧಗಳು ಸೋರಿಯಾಸಿಸ್ ಕೆರಳಿಸುವ ಒಂದೊಂದು ಸಂದೇಶವನ್ನು ಮಾತ್ರ ತಡೆಯುತ್ತವೆ. ಎಟನರ್ಸೆಪ್ಟ್, ಇನ್ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್, ಸೆಕ್ಯುಕಿನುಮ್ಯಾಬ್ ಇವು ಅಂಥವು. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ, ಕ್ಯೂಬಾ ದೇಶದ ವಿಜ್ಞಾನಿಗಳ ಜೊತೆ ಸೇರಿ ತಯಾರಿಸಿದ ಇಟೊಲಿಜುಮ್ಯಾಬ್ ಎಂಬ ಇಂಜೆಕ್ಷನ್‌ಗೆ 2013ರಲ್ಲಿ ಭಾರತದಲ್ಲಿ ಸೋರಿಯಾಸಿಸ್‌ಗಾಗಿಯೇ ಒಪ್ಪಿಗೆ ಸಿಕ್ಕಿತು. 2014ರಲ್ಲಿ ಅಹಮದಾಬಾದಿನ ಝೈಡಸ್ ಕಂಪನಿ ಅಡಾಲಿಮುಮ್ಯಾಬ್‌ನ ದೇಶೀ ರೂಪವನ್ನು ಕಡಿಮೆ ಬೆಲೆಗೆ ತಂದಿತು.

ಇವುಗಳ ಫಲ ಒಳ್ಳೆಯದು, ಕೀಲುನೋವು ಇದ್ದವರಿಗೆ ಹೆಚ್ಚಿನವು ಅದಕ್ಕೂ ಅನುಕೂಲ. ಆದರೆ ಇವತ್ತಿಗೂ ಬಡಕುಟುಂಬಕ್ಕೆ ದುಬಾರಿ. ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಕಾಯಿಲೆ ಮರಳಬಹುದು. ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಕ್ಷಯ (ಟಿ.ಬಿ.). ನಮ್ಮ ದೇಶದಲ್ಲಿ ಬಹಳ ಜನರ ಮೈಯಲ್ಲಿ ಟಿ.ಬಿ. ರೋಗಾಣು ಮಲಗಿರುತ್ತದೆ, ಕೆಲವು ಬಯಾಲಜಿಕ್ ಅದನ್ನು ಎಬ್ಬಿಸಬಹುದು. ಹೀಗಾಗಿ ಎದೆಯ ಎಕ್ಸ್-ರೇ, ಟಿ.ಬಿ. ಪರೀಕ್ಷೆ, ಕಾಮಾಲೆ (ಹೆಪಟೈಟಿಸ್ ಬಿ, ಸಿ) ಮತ್ತು ಎಚ್.ಐ.ವಿ. ಪರೀಕ್ಷೆ ಮಾಡಿದ ಮೇಲೆಯೇ ಇಂಜೆಕ್ಷನ್. ಪರೀಕ್ಷೆ ಮಾಡದೆ ಕೊಡಲು ಬಂದವರಿಗೆ ಬೇಡ ಅನ್ನಿ.

ಹೆಣ್ಣುಮಕ್ಕಳು ಮರೆಯಬಾರದ ಮಾತು

ಮೆಥೊಟ್ರೆಕ್ಸೇಟ್ ಮತ್ತು ಅಸಿಟ್ರೆಟಿನ್ ಹೊಟ್ಟೆಯಲ್ಲಿರುವ ಕೂಸಿಗೆ ಊನ ತರುತ್ತವೆ. ಚಿಕಿತ್ಸೆ ಶುರುಮಾಡುವ ಮುಂಚೆಯೇ ಡಾಕ್ಟರಿಗೆ ಹೇಳಿ: ಮುಟ್ಟು ತಪ್ಪಿದೆಯೇ, ಕೂಸಿಗೆ ಎದೆಹಾಲು ಕುಡಿಸುತ್ತಿದ್ದೀರಾ, ಇನ್ನೂ ಮಕ್ಕಳು ಬೇಕೇ, ಮಗಳ ಲಗ್ನ ಹತ್ತಿರದಲ್ಲಿದೆಯೇ. ನಾಚಿಕೊಂಡು ಮುಚ್ಚಿಟ್ಟರೆ ನಷ್ಟ ನಿಮಗೇ. ಔಷಧ ನಿಲ್ಲಿಸಿ ಎಷ್ಟು ತಿಂಗಳು ಕಾಯಬೇಕೆಂದು ಕೇಳಿ ತಿಳಿದುಕೊಳ್ಳಿ. ಬಸಿರಿಯಾದರೆ ಸೋರಿಯಾಸಿಸ್‌ಗೆ ಚಿಕಿತ್ಸೆಯೇ ಇಲ್ಲ ಎಂದಲ್ಲ. ಹಚ್ಚುವ ಔಷಧ ಇದೆ, ಬೆಳಕಿನ ಚಿಕಿತ್ಸೆ ಇದೆ.

ದ್ರಾಕ್ಷಿ ಪಡದಲ್ಲಿ, ಮಣೂಕ ಮಾಡುವ ಶೆಡ್ಡಿನಲ್ಲಿ ಕೆಲಸ ಮಾಡುವವರು ದ್ರಾಕ್ಷಿ ಅದ್ದುವ ಪೊಟ್ಯಾಶ್ ಮತ್ತು ಡಿಪ್ಪಿಂಗ್ ಎಣ್ಣೆಯ ನೀರಿಗೆ ಬರಿಗೈ ಹಾಕಬೇಡಿ. ಸೀಳಿದ ಅಂಗೈಗೆ ಅದು ಬೆಂಕಿ. ಒಳಗೆ ಹತ್ತಿಯದು, ಮೇಲೆ ರಬ್ಬರಿನದು ಹೀಗೆ ಎರಡು ಕೈಗವಸು ಹಾಕಿಕೊಳ್ಳಿ. ಪಾತ್ರೆ, ಬಟ್ಟೆ ತೊಳೆಯುವಾಗಲೂ ಇದೇ ಕ್ರಮ.

ಊಟದ ವಿಷಯದಲ್ಲಿ, ಬದನೆಕಾಯಿ ಬಿಡು, ಹುಳಿ ಬಿಡು ಅಂತ ಹೇಳಿ ಹೇಳಿ ಹೆಣ್ಣುಮಕ್ಕಳನ್ನು ಬರೀ ಅನ್ನ-ಹಾಲಿಗೆ ಇಳಿಸಿರುವುದನ್ನು ನೋಡಿದ್ದೇವೆ. ಅದರ ಅವಶ್ಯಕತೆ ಇಲ್ಲ. ಜೋಳದ ರೊಟ್ಟಿ, ಕಾಳು, ಪಲ್ಯೆ, ಮೊಸರು ಎಲ್ಲ ಉಣ್ಣಬಹುದು. ತೂಕ ಜಾಸ್ತಿ ಇದ್ದರೆ ಇಳಿಸಿದರೆ ಕಾಯಿಲೆಯೂ ತಗ್ಗುತ್ತದೆ, ಔಷಧವೂ ಚೆನ್ನಾಗಿ ಹತ್ತುತ್ತದೆ. ಬೀಡಿ, ಸಿಗರೇಟು, ಸೆರೆ ಕಾಯಿಲೆಯನ್ನು ಕೆರಳಿಸುತ್ತವೆ. ಗಂಟಲುನೋವು, ಚಿಂತೆ, ಕೆಲವು ಬಿ.ಪಿ. ಔಷಧಗಳೂ ಕೆರಳಿಸಬಹುದು. ತೀವ್ರ ಸೋರಿಯಾಸಿಸ್ ಇದ್ದವರಿಗೆ ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ ಬರುವ ಸಂಭವ ಹೆಚ್ಚು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವನ್ನು ಆಗಾಗ ನೋಡಿಸಿಕೊಳ್ಳಿ. "ಬದುಕಿ ಏನು ಮಾಡ್ಲಿ" ಎಂಬ ವಿಚಾರ ಬಂದರೆ ಅದೂ ಚಿಕಿತ್ಸೆ ಬೇಕಾದ ಲಕ್ಷಣವೇ. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಎಲ್ಲಿಗೆ ಹೋಗಬೇಕು? ಖರ್ಚಿನ ದಾರಿ ಏನು?

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಅಲ್ಲಿಂದ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ವಿಜಯಪುರದಲ್ಲೇ ಬಿ.ಎಲ್.ಡಿ.ಇ.ಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಆಸ್ಪತ್ರೆ ಮತ್ತು ಅಥಣಿ ರಸ್ತೆಯ ಅಲ್-ಅಮೀನ್ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ, ಎರಡರಲ್ಲೂ ಚರ್ಮರೋಗ ವಿಭಾಗ ಇದೆ. ಬೆಳಕಿನ ಚಿಕಿತ್ಸೆ ಯಾವ ದಿನ, ಎಷ್ಟು ಶುಲ್ಕ ಎಂದು ಮುಂಚೆಯೇ ವಿಚಾರಿಸಿ ಹೋಗಿ. ಗಡಿಭಾಗದವರು ಮಿರಜ, ಸಾಂಗಲಿಗೂ ಹೋಗುತ್ತೀರಿ. ಎಲ್ಲಿ ಹೋದರೂ ಹಳೆಯ ಚೀಟಿ, ರಕ್ತದ ರಿಪೋರ್ಟು ಎಲ್ಲಾ ಒಂದೇ ಚೀಲದಲ್ಲಿ ಇಟ್ಟುಕೊಂಡು ಹೋಗಿ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ವಾರಕ್ಕೆರಡು ಸಲ ಬೆಳಕಿನ ಚಿಕಿತ್ಸೆಗೆ ಹೋಗುವವರಿಗೆ ಇದು ದೊಡ್ಡ ಅನುಕೂಲ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಇದು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾಗುವ ಚಿಕಿತ್ಸೆಗೆ. ತಿಂಗಳು ತಿಂಗಳು ಕೊಳ್ಳುವ ಗುಳಿಗೆಗೆ ಸಾಮಾನ್ಯವಾಗಿ ಸಿಗುವುದಿಲ್ಲ. ನಿಮ್ಮ ಕಾಯಿಲೆಗೆ ಏನು ಸಿಗುತ್ತದೆಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ, ರೇಷನ್ ಕಾರ್ಡು, ಆಧಾರ್ ಕಾರ್ಡು ಒಯ್ಯಿರಿ. ಗುಳಿಗೆಗಳನ್ನು ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ, ಬೆಲೆ ಬಹಳ ಕಡಿಮೆ ಇರುತ್ತದೆ.

ಸಂಘ ಏನು ಮಾಡಬಹುದು?

ಚಿಕಿತ್ಸೆಗೆ ಸಾಲ ಕೇಳಿದ ಸದಸ್ಯೆಗೆ ಇಲ್ಲ ಅನ್ನಬೇಡಿ. ಆದರೆ ಕೊಡುವ ಮುಂಚೆ ಅವಳ ಪರವಾಗಿಯೇ ಈ ಪ್ರಶ್ನೆಗಳನ್ನು ಕೇಳಿ:

1. ಚರ್ಮರೋಗ ತಜ್ಞರು ನೋಡಿ ಕಾಯಿಲೆಯ ಹೆಸರು ಚೀಟಿಯಲ್ಲಿ ಬರೆದಿದ್ದಾರೆಯೇ?
2. ಔಷಧಕ್ಕೆ ಹೆಸರಿದೆಯೇ, ಬಿಲ್ಲು ಇದೆಯೇ? ಹೆಸರಿಲ್ಲದ ಔಷಧಕ್ಕೆ ಸಾಲ ಬೇಡ. ಆಯುರ್ವೇದ ಆದರೂ ನೋಂದಾಯಿತ ವೈದ್ಯರ ಚೀಟಿ ಇರಲಿ, ಎರಡೂ ಕಡೆಯ ಔಷಧದ ವಿಷಯ ಇಬ್ಬರು ಡಾಕ್ಟರಿಗೂ ಗೊತ್ತಿರಲಿ.
3. ತಿಂಗಳಿಗೆ ಎಷ್ಟು ಖರ್ಚು, ಎಷ್ಟು ತಿಂಗಳು? ಅರ್ಧಕ್ಕೆ ಹಣ ನಿಂತರೆ ಏನಾಗುತ್ತದೆ?
4. ಇದಕ್ಕಿಂತ ಕಡಿಮೆ ಖರ್ಚಿನ ಚಿಕಿತ್ಸೆ ಮೊದಲು ನೋಡಿದ್ದಾಗಿದೆಯೇ?
5. ರಕ್ತ ಪರೀಕ್ಷೆಯ ಖರ್ಚು ಲೆಕ್ಕದಲ್ಲಿ ಸೇರಿದೆಯೇ? ಗುಳಿಗೆಗಿಂತ ಪರೀಕ್ಷೆಗೇ ಹೆಚ್ಚು ಹಣ ಬೇಕಾಗುವುದುಂಟು.

ಮೇಲೆ ಹೇಳಿದ ಸದಸ್ಯೆಗೆ ಎರಡನೇ ಸಲ ಅವಳ ಸಂಘ ಹೀಗೇ ವಿಚಾರಿಸಿ, ಪರೀಕ್ಷೆಯ ಖರ್ಚಿಗೆ ಸಣ್ಣ ಸಾಲ ಕೊಟ್ಟಿತು. ವಾರದ ಗುಳಿಗೆ ನಡೆದಿದೆ. ಮೊಣಕಾಲ ಮೇಲೆ ಒಂದೆರಡು ಗಾಯ ಇನ್ನೂ ಇವೆ. ಆದರೆ ಆಕೆ ಕೆಲಸಕ್ಕೆ ಹೋಗುತ್ತಿದ್ದಾರೆ, ಹಳೆಯ ಸಾಲವನ್ನೂ ತೀರಿಸುತ್ತಿದ್ದಾರೆ.

ಹಣಕ್ಕಿಂತ ದೊಡ್ಡ ಸಹಾಯ ಇನ್ನೊಂದಿದೆ. ಸಭೆಯಲ್ಲಿ ಅವಳ ಪಕ್ಕದಲ್ಲಿ ಕೂತುಕೊಳ್ಳಿ. ಅವಳು ತಂದ ಚಹಾ ಕುಡಿಯಿರಿ. ಹಬ್ಬದ ಅಡಿಗೆಗೆ ಅವಳನ್ನೂ ಕರೆಯಿರಿ. "ಇದು ಹತ್ತೋ ರೋಗ ಅಲ್ಲ" ಎಂದು ಊರಿನಲ್ಲಿ ಹತ್ತು ಜನರಿಗೆ ಹೇಳಿ.

ಮುಂದಿನ ಸಭೆಯಲ್ಲಿ ಚರ್ಚಿಸಿ:
• ನಮ್ಮ ಊರಲ್ಲಿ ಚರ್ಮದ ಕಾಯಿಲೆ ಮುಚ್ಚಿಟ್ಟುಕೊಂಡವರು ಇದ್ದಾರೆಯೇ? ಅವರನ್ನು ಆಸ್ಪತ್ರೆಗೆ ಕರೆದೊಯ್ಯಲು ನಮ್ಮಲ್ಲಿ ಯಾರು ಜೊತೆಗೆ ಹೋಗುತ್ತೀರಿ?
• ವಾರದ ಗುಳಿಗೆ ತೆಗೆದುಕೊಳ್ಳುವ ಸದಸ್ಯೆಗೆ ನೆನಪು ಮಾಡುವ ಜವಾಬ್ದಾರಿ ಯಾರದು?
• ಹೆಸರಿಲ್ಲದ ಔಷಧಕ್ಕೆ ಸಾಲ ಕೊಡುವುದಿಲ್ಲ ಎಂದು ನಮ್ಮ ಸಂಘ ಠರಾವು ಮಾಡಬಹುದೇ?